1968ರ ಫಿಯಾಟ್ 1100: ಎಂಜಿನ್ ಬದಲಿಸುವುದೋ, ಮೂಲದ್ದನ್ನೇ ಉಳಿಸುವುದೋ?

ಪ್ರಶ್ನೆ (ಹುಬ್ಬಳ್ಳಿ):
ನಮ್ಮ ಅಜ್ಜನವರ ಫಿಯಾಟ್ 1100 ಕಾರನ್ನು ದುರಸ್ತಿಗೊಳಿಸಿ, ಅದರ 1089 ಸಿಸಿ ಎಂಜಿನ್ನಿನ ಬದಲು ಮಾರುತಿ ಜಿಪ್ಸಿ ಜೀಪಿನ 1298 ಸಿಸಿ ಎಂಜಿನ್ ಕೂಡಿಸುವ ಯೋಚನೆಯಿದೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕು.

ಉತ್ತರ (ಧಾರವಾಡ):
ಸರ್, ಮೊದಲು ಕಾರಿನ ತಳವನ್ನು ನೋಡಿಸಿರಿ. ಇದಕ್ಕೆ ಪ್ರತ್ಯೇಕ ಚಾಸಿಸ್ (ಅಡಿಯ ಚೌಕಟ್ಟು) ಇಲ್ಲದೆ ಬಾಡಿಯೇ ಭಾರ ಹೊರುವುದರಿಂದ, ಬಾಗಿಲ ಕೆಳಗಿನ ಪಟ್ಟಿಯೂ ನೆಲದ ತಗಡೂ ತುಕ್ಕು ತಿಂದಿದ್ದರೆ ಬೇರೆ ಎಂಜಿನ್ ಕೂಡಿಸಿ ಪ್ರಯೋಜನವಿಲ್ಲ. ಜಿಪ್ಸಿಯ ಎಂಜಿನ್ ಉದ್ದಕ್ಕೆ ಕೂರುವುದರಿಂದ ಈ ಕಾರಿನ ಹಿಂಚಕ್ರ ಚಾಲನೆಗೆ ಹೊಂದುತ್ತದೆ, ನಿಜ. ಆದರೆ ಮೌಂಟಿಂಗ್ (ಎಂಜಿನ್ ಕೂರಿಸುವ ಹಿಡಿಗಳು), ಪ್ರೊಪೆಲರ್ ಶಾಫ್ಟ್ (ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ದಂಡ), ರೇಡಿಯೇಟರ್‌ಗಳನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಎಂಜಿನ್ ಜೊತೆ ಗೇರ್ ಪೆಟ್ಟಿಗೆಯೂ ಬದಲಾದರೆ ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯೂ ಹೋಗುತ್ತದೆ. (ನನಗಂತೂ ಆ ಕಡ್ಡಿಯೇ ಈ ಕಾರಿನ ಅಂದ.) ನಾಲ್ಕೂ ಚಕ್ರಗಳಿಗೆ ಹಳೆಯ ಬಗೆಯ ಡ್ರಮ್ ಬ್ರೇಕ್ ಇರುವುದರಿಂದ, ಶಕ್ತಿ ಹೆಚ್ಚಿಸುವ ಮುನ್ನ ಬ್ರೇಕ್ ಸುಧಾರಿಸಲೇಬೇಕು.

ಉತ್ತರ (ಗದಗ):
2021ರ ಕೇಂದ್ರ ನಿಯಮಗಳ ಪ್ರಕಾರ, 50 ವರ್ಷ ದಾಟಿ ಮೂಲ ರೂಪದಲ್ಲಿಯೇ ಉಳಿದಿರುವ, ಎಂಜಿನ್ ಮತ್ತು ಬಾಡಿಯಲ್ಲಿ ದೊಡ್ಡ ಬದಲಾವಣೆ ಕಾಣದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಜಿಪ್ಸಿ ಎಂಜಿನ್ ಕೂಡಿಸಿದರೆ ಆ ಅವಕಾಶ ಕೈತಪ್ಪೀತು. ಬದಲಿಸುವುದೇ ಆದರೆ ಆರ್‌ಟಿಒ ಅನುಮತಿಯನ್ನು ಮೊದಲೇ ಪಡೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೂಲ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷಿಸಿ, ಸಿಲಿಂಡರ್ ಬೋರ್ ಮಾಡಿಸಿದರೆ (ಸವೆದ ಒಳಗೋಡೆಯನ್ನು ಕೊರೆಸಿ ಸಮ ಮಾಡಿಸಿದರೆ) ಸಾಕಾಗುವುದೋ ಎಂದು ಮೊದಲು ನೋಡುತ್ತೇನೆ.