ಅನಸ್ತೇಷಿಯಾ ಕೊಟ್ಟ ಮೇಲೆ ಬಿಪಿ ಕುಸಿದು ಆಪರೇಷನ್ ನಿಂತಿತು, ಯಾವುದರ ಅಲರ್ಜಿ ಅಂತ ಹೇಗೆ ತಿಳಿಯೋದು?

ಪ್ರಶ್ನೆ:
ಎರಡು ವಾರದ ಹಿಂದೆ ನಮ್ಮಮ್ಮನ ಗರ್ಭಕೋಶದ ಆಪರೇಷನ್ ಇತ್ತು. ಶುರು ಮಾಡುವ ಮೊದಲೇ ಬಿಪಿ ಬಿದ್ದುಹೋಗಿ ಮೈಯೆಲ್ಲ ಕೆಂಪಾಯಿತಂತೆ. ಅಡ್ರಿನಲಿನ್ ಕೊಟ್ಟು, ಐಸಿಯುನಲ್ಲಿಟ್ಟು ಉಳಿಸಿಕೊಟ್ಟರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಔಷಧಿ ಅಲರ್ಜಿ’ ಅಂತ ಒಂದೇ ಸಾಲು. ಆ್ಯಂಟಿಬಯಾಟಿಕ್ ಟೆಸ್ಟ್ ಡೋಸ್‌ಗೆ ಏನೂ ಆಗಿರಲಿಲ್ಲ. ಆಪರೇಷನ್ ಮತ್ತೆ ಮಾಡಿಸಲೇಬೇಕು. ಅಮ್ಮ ಆಸ್ಪತ್ರೆ ಅಂದರೇ ನಡುಗುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಅನಸ್ತೇಷಿಯಾ ವೈದ್ಯೆ):
ಮೊದಲು ಅನಸ್ತೇಷಿಯಾ ಚಾರ್ಟ್‌ನ ಪ್ರತಿ ಕೇಳಿ ತೆಗೆದುಕೊಳ್ಳಿ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟರು, ಬಿಪಿ ಯಾವಾಗ ಇಳಿಯಿತು ಎಲ್ಲ ಅದರಲ್ಲಿರುತ್ತದೆ. ರಕ್ತದಲ್ಲಿ ಟ್ರಿಪ್ಟೇಸ್ (ತೀವ್ರ ಅಲರ್ಜಿಯಾದಾಗ ಏರುವ ಅಂಶ) ನೋಡಿದ್ದರೆ ಆ ರಿಪೋರ್ಟೂ ಬೇಕು.

ಟೆಸ್ಟ್ ಡೋಸ್ ಸರಿಹೋಯಿತು ಅಂತ ಆ್ಯಂಟಿಬಯಾಟಿಕ್ ಮೇಲಿನ ಅನುಮಾನ ಬಿಡಬೇಡಿ. ಬ್ರಿಟನ್ನಿನ 2018ರ ದೊಡ್ಡ ಸಮೀಕ್ಷೆಯಲ್ಲಿ ಸುಮಾರು 10,000 ಅನಸ್ತೇಷಿಯಾಗೆ ಒಂದರಂತೆ ಹೀಗೆ ತೀವ್ರ ಅಲರ್ಜಿಯಾಗಿತ್ತು. ಹೆಚ್ಚಿನವು ಆ್ಯಂಟಿಬಯಾಟಿಕ್‌ನಿಂದ, ಆಮೇಲೆ ಸ್ನಾಯು ಸಡಿಲಿಸುವ ಔಷಧಿಗಳಿಂದ, ಮೂರನೆಯದು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ. ಈ ಕೊನೆಯದೇ ಕಣ್ತಪ್ಪುವುದು ಜಾಸ್ತಿ. ಇಂಜೆಕ್ಷನ್ ಅಲ್ವಲ್ಲ, ಚಾರ್ಟ್‌ನಲ್ಲಿ ಬರೆಯುವುದೇ ಕಡಿಮೆ. ಚರ್ಮ ಒರೆಸುವ ದ್ರಾವಣದಲ್ಲಿ, ಮೂತ್ರದ ಕೊಳವೆ (ಕ್ಯಾತಿಟರ್) ಹಾಕುವಾಗ ಹಚ್ಚುವ ಕೆಲವು ಜೆಲ್ಲಿಗಳಲ್ಲಿ ಇರುತ್ತದೆ.

ಪ್ರಶ್ನೆ ಕೇಳಿದವರು:
ಚಾರ್ಟ್ ಸಿಕ್ಕಿತು ಮೇಡಂ. ಟ್ರಿಪ್ಟೇಸ್ ನೋಡಿಲ್ಲ. 9:10ಕ್ಕೆ ಆ್ಯಂಟಿಬಯಾಟಿಕ್, 9:20ಕ್ಕೆ ನಿದ್ದೆಯ ಔಷಧಿ, ಸ್ನಾಯು ಸಡಿಲಿಸುವ ರೋಕ್ಯುರೋನಿಯಂ. 9:40ಕ್ಕೆ ಮೂತ್ರದ ಕ್ಯಾತಿಟರ್. 9:50ಕ್ಕೆ ಬಿಪಿ 60. ಅಮ್ಮ ಇವತ್ತು ಇನ್ನೊಂದು ಹೇಳಿದರು: ಹೋದ ವರ್ಷ ಹಲ್ಲಿನ ಡಾಕ್ಟರ್ ಕೊಟ್ಟ ಮೌತ್‌ವಾಶ್‌ಗೆ ತುಟಿ ಊದಿತ್ತಂತೆ. ಖಾರ ತಿಂದಿದ್ದಕ್ಕಿರಬೇಕು ಅಂದುಕೊಂಡು ಸುಮ್ನಾಗಿದ್ದರು.

ಉತ್ತರ (ಅನಸ್ತೇಷಿಯಾ ವೈದ್ಯೆ):
ಆ ಮೌತ್‌ವಾಶ್ ಬಾಟಲಿ ಇದ್ದರೆ ಲೇಬಲ್‌ನಲ್ಲಿ ಕ್ಲೋರ್‌ಹೆಕ್ಸಿಡಿನ್ ಇದೆಯಾ ನೋಡಿ. ಹಾಗಂತ ಅದೇ ಅಂತ ಈಗಲೇ ತೀರ್ಮಾನಿಸಬೇಡಿ. ರೋಕ್ಯುರೋನಿಯಂ, ಆ್ಯಂಟಿಬಯಾಟಿಕ್ ಎರಡೂ ಇನ್ನೂ ಪಟ್ಟಿಯಲ್ಲಿವೆ. ಘಟನೆಯಾದ 4ರಿಂದ 6 ವಾರದ ನಂತರ ಅಲರ್ಜಿ ತಜ್ಞರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಆ ದಿನ ಮೈಗೆ ಹೋದದ್ದು, ತಾಗಿದ್ದು ಎಲ್ಲವನ್ನೂ ಪರೀಕ್ಷಿಸಲಿ. ಸಿಟ್ರಿಜಿನ್ ತರಹದ ಅಲರ್ಜಿ ಮಾತ್ರೆ ತಗೊಳ್ತಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ.

ಪ್ರಶ್ನೆ ಕೇಳಿದವರು (ಮೂರು ತಿಂಗಳ ಬಳಿಕ):
ಚರ್ಮದ ಪರೀಕ್ಷೆಯಲ್ಲಿ ಕ್ಲೋರ್‌ಹೆಕ್ಸಿಡಿನ್‌ಗೆ ಮಾತ್ರ ಗುಳ್ಳೆ ಎದ್ದಿತು. ಮೌತ್‌ವಾಶ್ ಲೇಬಲ್‌ನಲ್ಲೂ ಅದೇ ಹೆಸರು. ಹೋದ ವಾರ ಆಪರೇಷನ್ ಆಯಿತು. ಚರ್ಮವನ್ನು ಅದರ ಬದಲು ಪೊವಿಡೋನ್ ಅಯೋಡಿನ್‌ನಿಂದ ಒರೆಸಿ, ಸಾದಾ ಜೆಲ್ಲಿ ಬಳಸಿದರು. ಏನೂ ತೊಂದರೆಯಾಗಲಿಲ್ಲ. ‘ಕ್ಲೋರ್‌ಹೆಕ್ಸಿಡಿನ್ ಬೇಡ’ ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಅಮ್ಮನ ಪರ್ಸ್‌ನಲ್ಲಿಟ್ಟಿದ್ದೇನೆ.