ಸೋಮಾಲಿಲ್ಯಾಂಡ್ ಶಿಲ್ಲಿಂಗ್ ಹೊರಗಡೆ ಎಲ್ಲಾದರೂ ನಡೆಯುತ್ತಾ?

ಪ್ರಶ್ನೆ: ಸೋಮಾಲಿಲ್ಯಾಂಡ್ ರಾಜಧಾನಿ ಹರ್ಗೇಸಾದ ರಸ್ತೆ ಬದಿಯಲ್ಲಿ ನೋಟಿನ ಕಂತೆಗಳನ್ನು ಇಟ್ಟಿಗೆ ಥರ ಪೇರಿಸಿಕೊಂಡು ಕೂತವರ ಫೋಟೋ ನೋಡಿದೆ. ಕಾವಲೂ ಇಲ್ಲ! ಈ ದೇಶವನ್ನೇ ಹೆಚ್ಚಿನವರು ಒಪ್ಪಿಲ್ಲ, ಮತ್ತೆ ಆ ದುಡ್ಡಿಗೆ ಬೆಲೆ ಎಲ್ಲಿಂದ ಬಂತು?

ಉತ್ತರ 1: ಹೊರಗೆ ನಡೆಯಲ್ಲ. ನಮ್ಮ ರೂಪಾಯಿಗೆ INR ಇರೋ ಥರ ಅಂತರರಾಷ್ಟ್ರೀಯ ಕರೆನ್ಸಿ ಕೋಡ್ ಕೂಡ ಅದಕ್ಕಿಲ್ಲ. 1991ರಲ್ಲಿ ಸೋಮಾಲಿಯಾದಿಂದ ಬೇರೆಯಾದೆವು ಅಂತ ಘೋಷಿಸಿಕೊಂಡರು, 1994ರಲ್ಲಿ ಸ್ವಂತ ನೋಟು ತಂದರು, ಹಳೆಯ 100 ಸೋಮಾಲಿ ಶಿಲ್ಲಿಂಗ್‌ಗೆ ಹೊಸದು ಒಂದು. ಜನ ತಗೊಳ್ತಾರೆ, ಸರ್ಕಾರ ತೆರಿಗೆಗೆ ತಗೊಳ್ಳುತ್ತೆ, ಬೆಲೆ ಅಲ್ಲಿಂದಲೇ ಬರೋದು.

ಉತ್ತರ 2: ಕಾವಲು ಯಾಕೆ ಬೇಕು ಹೇಳಿ? ಒಂದು ಡಾಲರಿಗೆ ಸಾವಿರಗಟ್ಟಲೆ ಶಿಲ್ಲಿಂಗ್, ಅತಿ ದೊಡ್ಡ ನೋಟೇ 5000ದ್ದು, ಹಾಗಾಗಿ ದೊಡ್ಡ ಮೊತ್ತ ಕದಿಯಬೇಕು ಅಂದರೆ ಮೂಟೆ ಹೊರಬೇಕು, ಅದನ್ನು ಹೊತ್ತುಕೊಂಡು ಓಡೋದು ಸುಲಭಾನಾ? ತಮಾಷೆ ಬಿಡಿ, ಈಗ ಬಹಳಷ್ಟು ವ್ಯವಹಾರ ಮೊಬೈಲಿನಲ್ಲೇ. 2009ರಲ್ಲಿ ಅಲ್ಲಿನ ಫೋನ್ ಕಂಪನಿ ಟೆಲಿಸೋಮ್‌ನವರು ಜಾಡ್ ಅನ್ನೋ ಮೊಬೈಲ್ ಹಣ ಸೇವೆ ಶುರು ಮಾಡಿದರು, ಅದರಲ್ಲಿ ಡಾಲರೇ ಜಾಸ್ತಿ ಓಡಾಡೋದು.

ಪ್ರಶ್ನೆ ಕೇಳಿದವರು: ಓ, ಹಾಗಾದರೆ ಕಂತೆ ಇರೋದು ಬರೀ ಚಿಲ್ಲರೆಗೆ!

ಉತ್ತರ 1: ಹೆಚ್ಚುಕಡಿಮೆ ಹಾಗೇ. ಜೊತೆಗೆ ಡಾಲರ್ ಬದಲಾಯಿಸೋದಕ್ಕೆ.