ಅಜ್ಜನ ಬೇಸ್‌ಬಾಲ್ ಸ್ಕೋರ್‌ಕಾರ್ಡ್ ಬಿಡಿಸುವುದು, ಮೊಮ್ಮಗಳಿಗೆ ಬರೆಯಲು ಕಲಿಸುವುದು ಹೇಗೆ?

ಮೂರನೇ_ಬೇಸ್ ಕೇಳಿದ್ದು:
ಅಪ್ಪ ಪೆನ್ಸಿಲಿನಲ್ಲಿ ತುಂಬಿದ ಮೇಜರ್ ಲೀಗ್ ಸ್ಕೋರ್‌ಕಾರ್ಡ್‌ಗಳ ಕಟ್ಟೊಂದು ಮನೆಯಲ್ಲಿದೆ. ಕೆಲವಕ್ಕೆ ತಾರೀಖೇ ಇಲ್ಲ. ಆಟ ಗೊತ್ತು, ಆದರೆ 6-4-3, ಎಫ್‌ಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಕೆ ಇವೆಲ್ಲ ಪೂರ್ತಿ ಬಿಡಿಸಲಾಗುತ್ತಿಲ್ಲ. ಹತ್ತು ವರ್ಷದ ಮಗಳು ಅಜ್ಜನ ಹಾಗೆ ತಾನೂ ಬರೆಯಬೇಕು ಅನ್ನುತ್ತಿದ್ದಾಳೆ. ಎಲ್ಲಿಂದ ಶುರು ಮಾಡಿಸಲಿ? ತಾರೀಖಿಲ್ಲದ ಕಾರ್ಡು ಯಾವ ಕಾಲದ್ದೆಂದು ಪತ್ತೆ ಹಚ್ಚಬಹುದೇ?

ಪೆನ್ಸಿಲ್_ಮೊನೆ:
ಮೊದಲು ಫೀಲ್ಡರ್‌ಗಳ ಅಂಕಿ ಬಾಯಿಪಾಠವಾಗಲಿ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ 8, ರೈಟ್ 9. ಶಾರ್ಟ್‌ಸ್ಟಾಪ್ ನಿಲ್ಲುವುದು ಸೆಕೆಂಡ್ ಮತ್ತು ಥರ್ಡ್ ನಡುವೆ, ಅಂಕಿ ಮಾತ್ರ 6. ಮಕ್ಕಳು ಎಡವುವುದು ಇಲ್ಲೇ. ಇದು ಜೆರ್ಸಿ ನಂಬರ್ ಅಲ್ಲ ಎಂದೂ ಮೊದಲೇ ಹೇಳಿಬಿಡಿ.

6-4-3 ಅಂದರೆ ಚೆಂಡು ಸಾಗಿದ ದಾರಿ: ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್ ಬೇಸ್‌ಮನ್‌ಗೆ, ಅವನು ಫಸ್ಟ್‌ಗೆ. ಡಬಲ್ ಪ್ಲೇ (ಒಂದೇ ಚೆಂಡಿಗೆ ಎರಡು ಔಟ್) ಆದಾಗ ಫಸ್ಟ್‌ನಲ್ಲಿದ್ದ ಓಟಗಾರನ ಮನೆಯಲ್ಲಿ, ಅಂದರೆ ಕಾರ್ಡಿನಲ್ಲಿ ಅವನ ಚೌಕದಲ್ಲಿ, 6-4 ಎಂದು ಬರೆದು ಔಟ್ ಸಂಖ್ಯೆ 1ಕ್ಕೆ ಸುತ್ತು ಹಾಕಿ. ಬ್ಯಾಟರ್ ಮನೆಯಲ್ಲಿ 6-4-3 ಬರೆದು 2ಕ್ಕೆ ಸುತ್ತು. ಓಟಗಾರ ಮಾತ್ರ ಔಟಾಗಿ ಬ್ಯಾಟರ್ ಫಸ್ಟ್ ಮುಟ್ಟಿದರೆ ಅವನಿಗೆ ಎಫ್‌ಸಿ, ಅಂದರೆ ಫೀಲ್ಡರ್ಸ್ ಚಾಯ್ಸ್. ಅದು ಹಿಟ್ ಅಲ್ಲ, ಆದರೆ ಅಟ್-ಬ್ಯಾಟ್ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ) ಲೆಕ್ಕಕ್ಕೆ ಸೇರುತ್ತದೆ. ಎರಡೂ ಸಂಗತಿಯನ್ನು ಬ್ಯಾಟರ್ ಮನೆಯೊಂದಕ್ಕೇ ತುರುಕಿದರೆ ಬೇಸ್ ಮೇಲೆ ಯಾರಿದ್ದಾರೆಂಬುದೇ ಆಮೇಲೆ ತಿಳಿಯುವುದಿಲ್ಲ.

ನೇರ ಕೆ ಎಂದರೆ ಬ್ಯಾಟ್ ಬೀಸಿ ಸ್ಟ್ರೈಕೌಟ್. ತಿರುಗಿದ ಕೆ ಎಂದರೆ ಮೂರನೇ ಸ್ಟ್ರೈಕನ್ನು ನೋಡುತ್ತಾ ನಿಂತದ್ದು. ಕೆ ಪಕ್ಕದಲ್ಲಿ 2-3 ಕಂಡರೆ ಕ್ಯಾಚರ್ ಚೆಂಡು ಕೈಬಿಟ್ಟು, ಆಮೇಲೆ ಫಸ್ಟ್‌ಗೆ ಎಸೆದು ಔಟ್ ಮಾಡಿದ್ದಾನೆ. ಎಸೆತ ತಲುಪುವಷ್ಟರಲ್ಲಿ ಬ್ಯಾಟರ್ ಫಸ್ಟ್ ಮುಟ್ಟಿದರೂ ಪಿಚರ್‌ಗೆ ಸ್ಟ್ರೈಕೌಟ್ ಸಿಗುತ್ತದೆ, ಔಟ್ ಮಾತ್ರ ಇಲ್ಲ. ಹಾಗಾಗಿ ಒಂದೇ ಇನಿಂಗ್ಸ್‌ನಲ್ಲಿ ನಾಲ್ಕು ಕೆ ಇದ್ದರೆ ನಿಮ್ಮಪ್ಪ ತಪ್ಪು ಬರೆದಿದ್ದಾರೆಂದು ತಿಳಿಯಬೇಡಿ.

ಮಗಳಿಗೆ ಮೊದಮೊದಲು ಹಿಟ್, ವಾಕ್ (ನಾಲ್ಕು ಬಾಲ್‌ಗೆ ಸಿಗುವ ಫಸ್ಟ್ ಬೇಸ್), ಕೆ, ಔಟ್ ಸಂಖ್ಯೆ, ಓಟಗಾರನ ದಾರಿ ಇಷ್ಟೇ ಸಾಕು. ರನ್ ಬಂದಾಗ ವಜ್ರಾಕೃತಿಯನ್ನು ಪೂರ್ತಿ ತುಂಬಿಸಲಿ, ಆ ಖುಷಿಯೇ ಅವಳನ್ನು ಕೂರಿಸುತ್ತದೆ. ಬಾಲ್-ಸ್ಟ್ರೈಕ್ ಗೀಟುಗಳನ್ನು ಈಗಲೇ ಹೇರಬೇಡಿ: ಪಿಚ್ ಕ್ಲಾಕ್ ಪ್ರಕಾರ ಬೇಸ್ ಖಾಲಿಯಿದ್ದರೆ 15 ಸೆಕೆಂಡು, ಓಟಗಾರನಿದ್ದರೆ 18 ಸೆಕೆಂಡಿನೊಳಗೆ ಪಿಚರ್ ಎಸೆಯಲು ಶುರು ಮಾಡಬೇಕು. ಒಂದನ್ನು ಗುರುತು ಹಾಕುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಒಂದು ತಂಡದ ಬ್ಯಾಟಿಂಗ್ ಅವಳದು, ಇನ್ನೊಂದು ನಿಮ್ಮದು ಎಂದು ಹಂಚಿಕೊಳ್ಳಿ. ಇನಿಂಗ್ಸ್ ಮುಗಿದ ತಕ್ಷಣ ಕೊನೆಯ ಬ್ಯಾಟರ್ ಮನೆಯ ಕೆಳಮೂಲೆಗೆ ಓರೆಗೀಟು ಎಳೆಯಿರಿ. ಇಲ್ಲದಿದ್ದರೆ ಮುಂದಿನ ಸರದಿ ಯಾರದೆಂದು ಹುಡುಕುತ್ತಾ ಒಬ್ಬ ಬ್ಯಾಟರ್ ತಪ್ಪಿಹೋಗುತ್ತಾನೆ. ಒಂದೇ ಇನಿಂಗ್ಸ್‌ನಲ್ಲಿ ಒಂಬತ್ತೂ ಜನ ಆಡಿ ಮೊದಲಿನವನೇ ಮತ್ತೆ ಬಂದರೆ ಪಕ್ಕದ ಕಾಲಂಗೆ ಹೋಗಿ ತಲೆಬರಹದ ಇನಿಂಗ್ಸ್ ಸಂಖ್ಯೆ ತಿದ್ದಿ. ಅದಕ್ಕೇ ಪೆನ್ ಬೇಡ.

ಹಳೇ_ಡಗೌಟ್:
ತಾರೀಖಿನ ವಿಷಯಕ್ಕೆ ಬರುತ್ತೇನೆ. ಬ್ಯಾಟಿಂಗ್ ಪಟ್ಟಿಯಲ್ಲಿ 1 (ಪಿಚರ್) ಇದೆಯೋ ಡಿಎಚ್ (ಡೆಸಿಗ್ನೇಟೆಡ್ ಹಿಟರ್, ಪಿಚರ್ ಬದಲು ಬ್ಯಾಟ್ ಮಾಡುವವನು) ಇದೆಯೋ ನೋಡಿ. ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಡಿಎಚ್ ಬಂದದ್ದು 1973ರಲ್ಲಿ. ನ್ಯಾಷನಲ್ ಲೀಗ್ ಅಂಗಳಗಳಲ್ಲಿ 2021ರವರೆಗೂ ಪಿಚರ್ ಬ್ಯಾಟ್ ಮಾಡುತ್ತಿದ್ದ, 2020 ಒಂದನ್ನು ಬಿಟ್ಟು. 2022ರಿಂದ ಎರಡೂ ಕಡೆ ಡಿಎಚ್. ವರ್ಲ್ಡ್ ಸೀರೀಸ್ (ಎರಡೂ ಲೀಗ್‌ಗಳ ಚಾಂಪಿಯನ್ನರ ಫೈನಲ್) ಕಾರ್ಡಾದರೆ ಎಚ್ಚರ: 1976ರಿಂದ 1985ರವರೆಗೆ ಸಮಸಂಖ್ಯೆಯ ವರ್ಷಗಳಲ್ಲಷ್ಟೇ ಅಲ್ಲಿ ಡಿಎಚ್ ಇತ್ತು.

ಎರಡು ಲೀಗ್‌ಗಳ ತಂಡಗಳು ಋತುವಿನ ಮಾಮೂಲು ಪಂದ್ಯದಲ್ಲಿ ಎದುರಾಗಿದ್ದರೆ ಅದು 1997 ಅಥವಾ ಆಮೇಲಿನದು. ಹೂಸ್ಟನ್ ಆಸ್ಟ್ರೋಸ್ 2013ರಲ್ಲಿ ಅಮೆರಿಕನ್ ಲೀಗ್‌ಗೆ ಬಂತು, ಮಿಲ್ವಾಕಿ ಬ್ರೂವರ್ಸ್ 1998ರಲ್ಲಿ ನ್ಯಾಷನಲ್‌ಗೆ ಹೋಯಿತು. ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಮಾಂಟ್ರಿಯಾಲ್ ಎಕ್ಸ್‌ಪೋಸ್ ಹೆಸರಿದ್ದರೆ 1969ರಿಂದ 2004ರೊಳಗಿನದು. ಹತ್ತನೇ ಇನಿಂಗ್ಸ್ ಶುರುವಿನಲ್ಲೇ ಸೆಕೆಂಡ್‌ನಲ್ಲಿ ಓಟಗಾರನನ್ನು ನಿಲ್ಲಿಸಿದ ಗುರುತಿದ್ದರೆ 2020ರಿಂದ ಈಚಿನದು.

ಹೀಗೆ ಕಾಲ ಕಿರಿದಾದ ಮೇಲೆ ಎರಡು ತಂಡ, ಅಂತಿಮ ಸ್ಕೋರ್, ಆರಂಭದ ಪಿಚರ್‌ಗಳ ಹೆಸರು ಹಿಡಿದು ಹಳೆಯ ಪಂದ್ಯಗಳ ದಾಖಲೆಯಿರುವ ರೆಟ್ರೊಶೀಟ್ ಜಾಲತಾಣದಲ್ಲಿ ಹುಡುಕಿ. ಈ ಮೂರೂ ಹೊಂದುವ ಇನ್ನೊಂದು ಪಂದ್ಯ ಸಿಗುವುದು ತೀರಾ ಅಪರೂಪ.

ಮೂರನೇ_ಬೇಸ್:
ತುಂಬಾ ಉಪಕಾರವಾಯಿತು. ಬರೆದು ಮುಗಿಸಿದ ಕಾರ್ಡ್ ಸರಿಯಿದೆಯೇ ಎಂದು ಮಗಳೇ ತಾಳೆ ನೋಡುವ ದಾರಿ ಇದೆಯೇ?

ಒಂಬತ್ತನೇ_ಇನಿಂಗ್ಸ್:
ಇದೆ, ನಿಯಮ ಪುಸ್ತಕದಲ್ಲೇ ಇದೆ. ಒಂದು ತಂಡದ ಅಟ್-ಬ್ಯಾಟ್, ವಾಕ್, ಚೆಂಡು ಬಡಿದು ಬೇಸ್ ಪಡೆದವರು, ಸ್ಯಾಕ್ರಿಫೈಸ್ ಬಂಟ್ ಮತ್ತು ಫ್ಲೈ (ತಾನು ಔಟಾಗಿ ಓಟಗಾರನನ್ನು ಮುಂದೆ ಸಾಗಿಸಿದ ಹೊಡೆತಗಳು) ಇವನ್ನು ಕೂಡಿ. ಅಡ್ಡಿಯಿಂದಾಗಿ ಫಸ್ಟ್ ಸಿಕ್ಕಿದ್ದರೆ ಅದೂ ಸೇರಲಿ. ಈ ಮೊತ್ತ ಆ ತಂಡದ ರನ್, ಬೇಸ್ ಮೇಲೆ ಉಳಿದವರು, ಎದುರಾಳಿ ಪಡೆದ ಔಟ್ ಇವುಗಳ ಮೊತ್ತಕ್ಕೆ ಸಮನಾಗಬೇಕು.

ಉದಾಹರಣೆಗೆ ಅಟ್-ಬ್ಯಾಟ್ 33, ವಾಕ್ 3, ಬಡಿದದ್ದು 1, ಸ್ಯಾಕ್ರಿಫೈಸ್ ಫ್ಲೈ 1, ಒಟ್ಟು 38. ಆ ಕಡೆ ರನ್ 4, ಉಳಿದವರು 7, ಔಟ್ 27, ಅದೂ 38. ಆತಿಥೇಯ ತಂಡ ಗೆದ್ದು ಒಂಬತ್ತನೆಯದನ್ನು ಆಡದಿದ್ದರೆ ಅವರ ಲೆಕ್ಕದಲ್ಲಿ ಔಟ್ 24 ಎಂಬುದನ್ನು ಮರೆಯಬೇಡಿ.

ಒಂದು ಹೆಚ್ಚು-ಕಡಿಮೆ ಬಂದರೆ ಬಹುಮಟ್ಟಿಗೆ ಕಾರಣ ಎರಡೇ: ಸ್ಯಾಕ್ರಿಫೈಸ್ ಅನ್ನು ಅಟ್-ಬ್ಯಾಟ್‌ನಲ್ಲೂ ಎಣಿಸಿರುತ್ತೀರಿ, ಇಲ್ಲವೇ ಮೂರನೇ ಔಟ್ ಬಿದ್ದಾಗ ಬೇಸ್ ಮೇಲಿದ್ದವನನ್ನು ಬಿಟ್ಟಿರುತ್ತೀರಿ. ಎಫ್‌ಸಿಯಲ್ಲಿ ಫಸ್ಟ್‌ಗೆ ಬಂದವನೇ ಹೆಚ್ಚಾಗಿ ಹೀಗೆ ತಪ್ಪಿಸಿಕೊಳ್ಳುವುದು. ಎರಡನೇ ಇಂಥ ತಪ್ಪು ಮೊದಲನೆಯದನ್ನು ಮುಚ್ಚಿಹಾಕಬಹುದು, ಆದ್ದರಿಂದ ಇನಿಂಗ್ಸ್ ಇನಿಂಗ್ಸಿಗೂ ತಾಳೆ ನೋಡುವುದು ಮೇಲು: ಬಂದ ಬ್ಯಾಟರ್‌ಗಳ ಸಂಖ್ಯೆ ರನ್, ಉಳಿದವರು, ಮೂರು ಔಟ್ ಇವುಗಳ ಮೊತ್ತಕ್ಕೆ ಸಮನಾಗಬೇಕು. ಹತ್ತು ವರ್ಷದವರಿಗೆ ಈ ಕೂಡುವಿಕೆ ಸುಲಭ. 2020ರ ಆಮೇಲಿನ ಹೆಚ್ಚುವರಿ ಇನಿಂಗ್ಸ್‌ಗಳಲ್ಲಿ ಮಾತ್ರ ಸೆಕೆಂಡ್‌ನಲ್ಲಿ ನಿಲ್ಲಿಸಿದವನಿಂದಾಗಿ ಬ್ಯಾಟರ್‌ಗಳ ಕಡೆಯ ಮೊತ್ತಕ್ಕೆ ಇನಿಂಗ್ಸಿಗೆ ಒಂದೊಂದು ಸೇರಿಸಿ.

ಅಪ್ಪನ ಕಾರ್ಡ್‌ಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲಾಗದು. ಆಮ್ಲರಹಿತ ಕಾಗದದ ಮಡಿಕೆಯಲ್ಲೋ ಪಾಲಿಯೆಸ್ಟರ್ ಚೀಲದಲ್ಲೋ ಬಿಡಿಬಿಡಿಯಾಗಿ ಇಡಿ, ಪಿವಿಸಿ ಚೀಲ ಬೇಡ. ತಾರೀಖು ಪತ್ತೆಯಾದರೆ ಅದನ್ನು ಕಾರ್ಡ್ ಮೇಲಲ್ಲ, ಮಡಿಕೆಯ ಮೇಲೆ ಬರೆಯಿರಿ.